ಒಬ್ಬಳೇ ಇರುವಾಗ: ಕಾರ್ಖಾನೆ, ಕ್ಲಿನಿಕ್ ಮತ್ತು ಮನೆಯ ಶುಶ್ರೂಷೆಗೆ ಯಾವ ಓದು?



ದತ್ತಿ ಉಪನ್ಯಾಸ ಎಂದರೆ ನಮ್ಮ ಕಡೆ ವಚನ, ತತ್ವಪದ, ಇಲ್ಲವೇ ಕವಿರಾಜಮಾರ್ಗ. ಮಳಖೇಡಕ್ಕೆ ಇಷ್ಟು ಹತ್ತಿರದಲ್ಲಿ ನಿಂತು ನೃಪತುಂಗನ ಹೆಸರು ಎತ್ತದೆ ಮೈಕು ಬಿಟ್ಟುಕೊಡುವಂತಿಲ್ಲ. ಎತ್ತಿದ್ದಾಯಿತು. ಇನ್ನು ನನಗೆ ಗೊತ್ತಿರುವ ವಿಷಯಕ್ಕೆ ಬರುತ್ತೇನೆ. ನಾನು ನರ್ಸಿಂಗ್ ಕಲಿಸಿದವಳು. ಪಿ.ಯು. ಫಲಿತಾಂಶ ಬಂದ ವಾರದಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಬರುವ ಫೋನುಗಳಲ್ಲಿ ಒಂದೇ ಮಾತು ಬೇರೆ ಬೇರೆ ದನಿಯಲ್ಲಿ ಕೇಳುತ್ತದೆ.

“ಮೇಡಂರೀ, ಹುಡುಗಿಗಿ ನರ್ಸಿಂಗ್ ಮಾಡಸಬೇಕಂತೀವಿ. ದೊಡ್ಡ ದವಾಖಾನಿ, ರಾತ್ರಿ ಡ್ಯೂಟಿ ಬ್ಯಾಡ. ಡಾಕ್ಟರ ಕ್ಲಿನಿಕ್ಕೋ, ಸಿಮೆಂಟ್ ಫ್ಯಾಕ್ಟರಿ ಆಫೀಸೋ, ಇಲ್ಲಂದ್ರ ಯಾರದರೆ ಮನ್ಯಾಗ ಮುದುಕರ್ನ ನೋಡಕೊಳ್ಳೋ ಕೆಲಸ ಆದ್ರೂ ನಡೀತದ. ಅದಕ್ಕ ಲಗೂನ ಮುಗಿಯೋ ಸಣ್ಣ ಕೋರ್ಸ್ ಯಾವುದದರೀ?”

ರಾತ್ರಿ ಪಾಳಿ ಬೇಡ ಎನ್ನುವುದನ್ನು ನಾನು ಆಕ್ಷೇಪಿಸುವುದಿಲ್ಲ. ವಾಡಿ ಸ್ಟೇಷನ್ನಿನಿಂದ ಹಳ್ಳಿಗೆ ಸಂಜೆ ಏಳರ ಮೇಲೆ ಬಸ್ಸಿಲ್ಲದ ಮನೆಯವರು ಹಾಗೆ ಕೇಳುವುದು ಸಹಜ. ನನ್ನ ತಕರಾರು ಇರುವುದು ಲೆಕ್ಕದ ಬಗ್ಗೆ. ದೊಡ್ಡ ಆಸ್ಪತ್ರೆಗೆ ದೊಡ್ಡ ಓದು, ಕ್ಲಿನಿಕ್ಕಿಗೂ ಮನೆಗೂ ಸಣ್ಣ ಓದು ಎಂಬ ಲೆಕ್ಕ ತಲೆಕೆಳಗಾಗಿದೆ. ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ.

ಕಲಬುರಗಿಯ ಜಿಲ್ಲಾ ಆಸ್ಪತ್ರೆಯ ವಾರ್ಡನ್ನು ನೆನಪಿಸಿಕೊಳ್ಳಿ. ಹೊಸದಾಗಿ ಸೇರಿದ ಹುಡುಗಿಗೆ ಒಬ್ಬ ರೋಗಿಯ ಉಸಿರಾಟ ಸರಿ ಕಾಣಲಿಲ್ಲ ಎನ್ನಿ. ಮಗ್ಗುಲಲ್ಲಿ ಹಿರಿಯ ಸಿಸ್ಟರ್ ಇದ್ದಾರೆ, ಕಾರಿಡಾರಿನ ಕೊನೆಗೆ ಡ್ಯೂಟಿ ಡಾಕ್ಟರ್ ಇದ್ದಾರೆ, ಗೋಡೆಯಲ್ಲೇ ಆಮ್ಲಜನಕ ಇದೆ. ಅವಳ ಅನುಮಾನವನ್ನು ಹಂಚಿಕೊಳ್ಳಲು ನಾಲ್ಕು ಜನ ಇದ್ದಾರೆ. ಅದೇ ಹುಡುಗಿಯನ್ನು ಕಾರ್ಖಾನೆಯ ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ಕೂರಿಸಿ. ಇಲ್ಲವೇ ಶಹಾಬಾದಿನ ಒಂದು ಮನೆಯಲ್ಲಿ, ಲಕ್ವ ಹೊಡೆದ ಅಜ್ಜನ ಪಕ್ಕದಲ್ಲಿ ಕೂರಿಸಿ. ಅಲ್ಲಿ ಅವಳೇ ಎಲ್ಲ. ನೋಡಿ, ತೂಗಿ, ಇದು ಕಾಯುವಂಥದ್ದೋ ಓಡಿಸುವಂಥದ್ದೋ ಎಂದು ಅವಳೇ ತೀರ್ಮಾನಿಸಬೇಕು. ಕಲಬುರಗಿ ಮುಟ್ಟಲು ಗಂಟೆ ಬೇಕಾದ ಊರುಗಳಲ್ಲಿ ಆ ತೀರ್ಮಾನದ ಬೆಲೆ ಇನ್ನೂ ಹೆಚ್ಚು.

ಮೊದಲು ಕಾರ್ಖಾನೆಯ ಮಾತು. ನಮ್ಮ ಸೀಮೆಗೆ ಇದು ಹೊಸದಲ್ಲ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದ್ ಸಿಮೆಂಟ್ ಕಂಪನಿ ಆ ಹತ್ತರಲ್ಲಿ ಒಂದಾಗಿತ್ತು. ವಾಡಿ ಕಾರ್ಖಾನೆ 1968ರದ್ದು. ಆಮೇಲೆ ಮಳಖೇಡ, ಸೇಡಂ, ಚಿತ್ತಾಪುರದ ಇಟಗಾ, ಚಿಂಚೋಳಿಯ ಛತ್ರಸಾಲ. ಸುಣ್ಣಕಲ್ಲಿನ ಗೆರೆ ಹಿಡಿದುಕೊಂಡೇ ಚಿಮಣಿಗಳು ಎದ್ದವು. ಐನೂರಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬುಲೆನ್ಸ್ ಕೋಣೆ ಇರಬೇಕು, ಅದನ್ನು ನಿಗದಿತ ಅರ್ಹತೆಯ ವೈದ್ಯಕೀಯ ಮತ್ತು ಶುಶ್ರೂಷಾ ಸಿಬ್ಬಂದಿ ನೋಡಿಕೊಳ್ಳಬೇಕು, ಕೆಲಸ ನಡೆಯುವ ಹೊತ್ತೆಲ್ಲ ಅದು ತೆರೆದಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತು. ಅದೇ ಕಾಯ್ದೆಯ ಅನುಸೂಚಿಯಲ್ಲಿ ಸಿಮೆಂಟ್ ಉದ್ಯಮ ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿತ್ತು. ಹಾಗಾಗಿ ಕಾರ್ಮಿಕನನ್ನು ಕೆಲಸಕ್ಕೆ ಹಚ್ಚುವ ಮೊದಲು ಒಮ್ಮೆ, ಆಮೇಲೆ ಹನ್ನೆರಡು ತಿಂಗಳು ಮೀರದಂತೆ ಮತ್ತೆ ಮತ್ತೆ ಆರೋಗ್ಯ ತಪಾಸಣೆ ಮಾಡಿಸಿ ದಾಖಲೆ ಇಡಬೇಕೆಂದು ಅದು ವಿಧಿಸಿತು. ಆಂಬುಲೆನ್ಸ್ ಕೋಣೆಯ ನಿಯಮವನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಉಳಿಸಿಕೊಂಡಿದೆ.

ಹೆಣ್ಣುಮಕ್ಕಳ ತಂದೆತಾಯಿ “ಆಫೀಸ್ ಕೆಲಸ” ಎಂದು ಕರೆಯುವುದು ಈ ಕೋಣೆಯನ್ನು. ಅಲ್ಲಿ ಮೇಜು ಇದೆ, ರಿಜಿಸ್ಟರ್ ಇದೆ, ಫ್ಯಾನ್ ಇದೆ ನಿಜ. ಕಣ್ಣಿಗೆ ಸಿಮೆಂಟ್ ಹೊಕ್ಕವನೊಬ್ಬ ಕಣ್ಣುಜ್ಜುತ್ತ ಒಳಗೆ ಬಂದಾಗ ಏನಾಗಬೇಕು, ನೋಡಿ. ಸಿಮೆಂಟು ಕಣ್ಣೀರು ತಗುಲಿದೊಡನೆ ಕ್ಷಾರವಾಗುತ್ತದೆ. ಕ್ಷಾರ ಕಣ್ಣಿನ ಪದರಗಳನ್ನು ತಿನ್ನುತ್ತ ಒಳಗಿಳಿಯುತ್ತದೆ. ಮೊದಲು ಅವನ ಕೈ ಹಿಡಿದು ಉಜ್ಜುವುದನ್ನು ನಿಲ್ಲಿಸಬೇಕು. ಹನಿ ಔಷಧ ಹುಡುಕುತ್ತ ಕೂರುವಂತಿಲ್ಲ, ಶುದ್ಧ ನೀರು ಹರಿಸುತ್ತಲೇ ಇರಬೇಕು, ಹದಿನೈದು ಇಪ್ಪತ್ತು ನಿಮಿಷಕ್ಕೆ ಕಡಿಮೆ ಇಲ್ಲದಂತೆ. ಅವನು ಸಾಕು ಅನ್ನುತ್ತಾನೆ, ಸೂಪರ್‌ವೈಸರ್ ಪಾಳಿ ನಿಂತಿತು ಅನ್ನುತ್ತಾನೆ, ಆದರೂ ಬಿಡಬಾರದು. ಮೇಲಿನ ರೆಪ್ಪೆಯನ್ನು ಹತ್ತಿಕಡ್ಡಿಯ ಮೇಲೆ ಮಗುಚಿ ಒಳಗೆ ನೋಡಬೇಕು, ಏಕೆಂದರೆ ಗಟ್ಟಿಯಾದ ಕಣ ಅಡಗಿರುವುದು ಅಲ್ಲೇ. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕು, ಕಳಿಸಿದ ಹೊತ್ತು ಬರೆದಿಡಬೇಕು. ರೆಪ್ಪೆ ಮಗುಚುವುದನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ. ಕಣ್ಣಿನ ವಿಭಾಗದಲ್ಲಿ ನಿಂತು, ಹತ್ತು ಜನರ ರೆಪ್ಪೆ ಮುಟ್ಟಿ ಕಲಿಯಬೇಕು.

ಇನ್ನು ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು. ಬಿಸಿಲಿಗೆ ಸುಸ್ತಾಗಿ ಬೆವರಿ ತಲೆ ತಿರುಗಿದವನಿಗೆ ನೆರಳು, ಓ.ಆರ್.ಎಸ್. ಸಾಕಾಗಬಹುದು. ಮೈ ಕೆಂಡವಾಗಿ ಮಾತು ಅಡ್ಡಾದಿಡ್ಡಿಯಾದವನಿಗೆ ಒಂದು ನಿಮಿಷವೂ ಇಲ್ಲ. ನೀರು ಸುರಿದು ಮೈ ತಣಿಸುತ್ತಲೇ ಗಾಡಿ ತರಿಸಬೇಕು. ಎದೆ ಹಿಡಿದುಕೊಂಡು ಬಂದವನು “ಗ್ಯಾಸ್ ಆಗಿರಬೇಕ್ರಿ ಸಿಸ್ಟರ್, ಒಂದು ಗುಳಿಗಿ ಕೊಡ್ರಿ” ಅನ್ನುತ್ತಾನೆ. ಆ ಗುಳಿಗೆ ಕೊಟ್ಟು ಕಳಿಸುವುದೇ ಅತಿ ಸುಲಭದ ಕೆಲಸ. ಇ.ಸಿ.ಜಿ. ತೆಗೆದು, ಡಾಕ್ಟರಿಗೆ ಫೋನ್ ಹಚ್ಚಿ, ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಿ ಎಂದು ಮ್ಯಾನೇಜರನ ಎದುರು ಗಟ್ಟಿಯಾಗಿ ಹೇಳಲು ಓದಿನ ಬೆನ್ನೆಲುಬು ಬೇಕು.

ಈ ಕೆಲಸ ಹುಟ್ಟಿದ ಕಥೆಯೂ ಸ್ವಾರಸ್ಯದ್ದು. 1878ರಲ್ಲಿ ಇಂಗ್ಲೆಂಡಿನ ನಾರಿಚ್ ಊರಿನ ಕೋಲ್ಮನ್ ಸಾಸಿವೆ ಕಾರ್ಖಾನೆ ಫಿಲಿಪಾ ಫ್ಲವರ್‌ಡೇ ಎಂಬಾಕೆಯನ್ನು ನೇಮಿಸಿಕೊಂಡಿತು. ಕಾರ್ಖಾನೆ ನರ್ಸುಗಳಲ್ಲಿ ಮೊದಲಿಗಳೆಂದು ಅವಳ ಹೆಸರನ್ನೇ ಹೇಳುತ್ತಾರೆ. ಅವಳು ಆಸ್ಪತ್ರೆಯಲ್ಲಿ ತರಬೇತಿ ಪಡೆದವಳು. ಕಾರ್ಖಾನೆಯ ಔಷಧಾಲಯದಲ್ಲಿ ಡಾಕ್ಟರಿಗೆ ನೆರವಾಗಿ, ಬಳಿಕ ಕಾಯಿಲೆ ಬಿದ್ದ ಕೆಲಸಗಾರರ ಮನೆಮನೆಗೆ ಹೋಗುತ್ತಿದ್ದಳು. ನಾವು ಇವತ್ತು ಎರಡು ಬೇರೆ ಉದ್ಯೋಗ ಎಂದುಕೊಂಡಿರುವ ಆಫೀಸು ಮತ್ತು ಮನೆ ಆ ದಿನ ಒಬ್ಬಳದೇ ಕೆಲಸವಾಗಿತ್ತು. ವಾಡಿಯಲ್ಲೂ ಅದು ಒಂದಾಗುವ ಕಾಲ ಬಂದಿದೆ ಎಂದು ನನಗೆ ಅನ್ನಿಸುತ್ತದೆ. 1968ರಲ್ಲಿ ಇಪ್ಪತ್ತರ ಹರೆಯದಲ್ಲಿ ಕಾರ್ಖಾನೆ ಸೇರಿದವರು ಈಗ ಎಂಬತ್ತರ ಹತ್ತಿರ ಇದ್ದಾರೆ. ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರಿನಲ್ಲಿ. ಮನೆಯಲ್ಲಿ ಮುದುಕ, ಮುದುಕಿ, ಸಕ್ಕರೆ ಕಾಯಿಲೆ, ಬಿ.ಪಿ. ಗುಳಿಗೆಗಳ ಡಬ್ಬಿ.

ಹಾಗಾದರೆ ಓದುಗಳು ಯಾವುವು? ಕೆಳಗಿನಿಂದ ಹೇಳುತ್ತ ಹೋಗುತ್ತೇನೆ.

ಕೆಲವೇ ತಿಂಗಳ ಕೌಶಲ ತರಬೇತಿಗಳಿವೆ: ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಎಂದು. ಪಿ.ಯು. ಬೇಕಿಲ್ಲ. ಸ್ನಾನ ಮಾಡಿಸುವುದು, ಹೊರಳಿಸುವುದು, ಊಟ ಮಾಡಿಸುವುದು, ಕೈಹಿಡಿದು ನಡೆಸುವುದು, ಬಿ.ಪಿ. ನೋಡಿ ಬರೆಯುವುದು. ಇದು ಮರ್ಯಾದೆಯ ದುಡಿಮೆ, ಬೇಡಿಕೆಯೂ ಇದೆ. ಆದರೆ ಇದನ್ನು ಮುಗಿಸಿದವರು ನರ್ಸ್ ಅಲ್ಲ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಇಲ್ಲ, ಸೂಜಿ ಹಿಡಿಯುವಂತಿಲ್ಲ. ಏಜೆನ್ಸಿಯವರು ಬಿಳಿ ಕೋಟು ತೊಡಿಸಿ “ನರ್ಸ್” ಎಂದು ಕಳಿಸಿದರೂ ಕಾನೂನಿನ ಮುಂದೆ ಆ ಕೋಟು ನಿಲ್ಲುವುದಿಲ್ಲ.

ಎ.ಎನ್.ಎಂ. ಎರಡು ವರ್ಷ. ಪಿ.ಯು. ಯಾವ ವಿಭಾಗವಾದರೂ ನಡೆಯುತ್ತದೆ. ಹದಿನೇಳರಿಂದ ಮೂವತ್ತೈದರ ಒಳಗಿನ ಹೆಣ್ಣುಮಕ್ಕಳಿಗೆ ಮಾತ್ರ. ಅದರ ಪಠ್ಯ ನಿಂತಿರುವುದು ಬಸುರಿ, ಬಾಣಂತಿ, ಕೂಸು, ಲಸಿಕೆ, ಹಳ್ಳಿಯ ಆರೋಗ್ಯದ ಮೇಲೆ. ಕುಂಚಾವರಂ ಕಡೆಯ ತಾಂಡಾದಲ್ಲಿ ಕೆಲಸ ಮಾಡುವವಳಿಗೆ ಇದಕ್ಕಿಂತ ಹೊಂದುವ ಓದು ಇಲ್ಲ. ಸರ್ಕಾರದಲ್ಲಿ ಈಗ ಆ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ದೊಡ್ಡ ಹೆಸರೇ ಬಂದಿದೆ. ಆದರೆ ಮೂಗಿನ ನಳಿಗೆ ಹಾಕಿದ ಎಪ್ಪತ್ತೈದರ ಮುದುಕನ ಜವಾಬ್ದಾರಿಗೆ ಈ ಓದು ಸಿದ್ಧಪಡಿಸುವುದಿಲ್ಲ. ಕಡಿಮೆ ವರ್ಷ ಎಂಬ ಒಂದೇ ಕಾರಣಕ್ಕೆ ಇದನ್ನು ಹಿಡಿದು, ಮನೆ ಶುಶ್ರೂಷೆಗೆ ಹೊರಟವರನ್ನು ನೋಡಿದ್ದೇನೆ. ಕಷ್ಟಪಡುತ್ತಾರೆ.

ಜಿ.ಎನ್.ಎಂ. ಮೂರು ವರ್ಷ. ಇಂಗ್ಲಿಷ್ ಒಳಗೊಂಡ ಪಿ.ಯು. ಆಗಿದ್ದು 40 ಪ್ರತಿಶತ ಅಂಕ ಇದ್ದರೆ ಕಲಾ ವಿಭಾಗದವರಿಗೂ ಬಾಗಿಲು ತೆರೆದಿದೆ, ಗಂಡುಹುಡುಗರಿಗೂ ತೆರೆದಿದೆ, ನೋಂದಾಯಿತ ಎ.ಎನ್.ಎಂ.ಗಳಿಗೂ ತೆರೆದಿದೆ. ಈ ಕೋರ್ಸು ಮುಚ್ಚುತ್ತಾರೆ ಎಂಬ ಗುಲ್ಲು ವರ್ಷಕ್ಕೊಮ್ಮೆ ಎದ್ದು ತಣ್ಣಗಾಗುತ್ತದೆ, ಅದಕ್ಕೆ ಕಿವಿಗೊಡಬೇಡಿ. ವೈದ್ಯಕೀಯ, ಶಸ್ತ್ರಚಿಕಿತ್ಸೆ, ಮಕ್ಕಳು, ಮಾನಸಿಕ, ಹೆರಿಗೆ, ಸಮುದಾಯ ಎಲ್ಲ ವಿಭಾಗದಲ್ಲೂ ನಿಂತು ಬರುವುದು ಇಲ್ಲಿಂದಲೇ. ಕಾರ್ಖಾನೆ ಕೋಣೆಗೂ ಮನೆ ಶುಶ್ರೂಷೆಗೂ ಇದನ್ನೇ ನಾನು ಕನಿಷ್ಠ ಎನ್ನುತ್ತೇನೆ. ಕೆಲವು ಸಂಸ್ಥೆಗಳು ಇದಕ್ಕಿಂತ ಕಡಿಮೆಗೂ ಕರೆಯುತ್ತವೆ. ಅದು ಅವರ ಉಳಿತಾಯ, ಅಪಾಯ ನಿಮ್ಮದು.

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್, ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪದವಿ. ಇದಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಇಲ್ಲಿ ನಿಜವಾದ ಗಂಟು ಇದೆ. ಆಯ್ಕೆ ನಡೆಯುವುದು ಪಿ.ಯು. ಫಲಿತಾಂಶದ ದಿನ ಅಲ್ಲ, ಎಸ್ಸೆಸ್ಸೆಲ್ಸಿ ಆದ ಜೂನ್ ತಿಂಗಳಲ್ಲಿ. ಊರಿಗೆ ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇದೆ ಎಂದು ಹುಡುಗಿಯನ್ನು ಅಲ್ಲಿಗೆ ಸೇರಿಸಿದ ದಿನವೇ ಬಿ.ಎಸ್ಸಿ. ಬಾಗಿಲು ಅವಳಿಗೆ ಗೊತ್ತಿಲ್ಲದೆ ಮುಚ್ಚಿರುತ್ತದೆ. ಹಾಗಾದವರು ಎದೆಗುಂದಬೇಕಿಲ್ಲ. ಜಿ.ಎನ್.ಎಂ. ಮುಗಿಸಿ, ನೋಂದಣಿ ಮಾಡಿಸಿ, ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬಹುದು. ನಾಲ್ಕರ ಬದಲು ಐದು ವರ್ಷ, ಆದರೆ ನಡುವೆ ದುಡಿಯುವ ಅವಕಾಶವೂ ಇದೆ. ಬಡವರ ಮನೆಯ ಮಗಳಿಗೆ ಈ ಸುತ್ತುದಾರಿಯೇ ಒಮ್ಮೊಮ್ಮೆ ವಾಸಿ.

ಕ್ಲಿನಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಾಕ್ಟರ್ ಪಕ್ಕದ ಕೋಣೆಯಲ್ಲೇ ಇರುವುದರಿಂದ ಮೂರರಲ್ಲಿ ಹಗುರ ಇದೇ. ಆದರೆ ನಮ್ಮ ತಾಲೂಕು ಊರುಗಳ ಎಷ್ಟೋ ಕ್ಲಿನಿಕ್ಕುಗಳಲ್ಲಿ ಸೂಜಿ ಕೊಡುವ ಹುಡುಗಿ ಎಲ್ಲೂ ಓದಿದವಳಲ್ಲ, ನೋಡಿ ಕಲಿತವಳು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲೇ ಬಂದಿದೆ. ಅರ್ಹತೆ ಇರುವ ಸಿಬ್ಬಂದಿಯನ್ನು ಇಟ್ಟುಕೊಳ್ಳುವುದು ಡಾಕ್ಟರರ ಹೊಣೆ. ಓದದೆ ಹತ್ತು ವರ್ಷ ದುಡಿದವಳ ಅನುಭವಕ್ಕೆ ಬೇರೆ ಊರಿನಲ್ಲಿ ಮೂರು ಕಾಸಿನ ಬೆಲೆ ಸಿಗುವುದಿಲ್ಲ, ಅದೇ ದುಃಖ.

ಮನೆಯ ಶುಶ್ರೂಷೆಗೆ ಬರೋಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಕಾಲು ಎಂದಿದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ನಾಲ್ಕು ಗುಣ ಹೇಳಿದೆ: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲೆ ಅಕ್ಕರೆ, ಶುಚಿ. ನಮ್ಮ ಮನೆಗಳವರು ಹುಡುಗಿ ಬೇಕೆಂದು ಕೇಳುವಾಗ ಕೊನೆಯ ಎರಡನ್ನೇ ಕೇಳುತ್ತಾರೆ. ಸ್ವಭಾವ ಛಲೋ ಇರಬೇಕು, ಸ್ವಚ್ಛ ಇರಬೇಕು. ಮೊದಲೆರಡು ಇಲ್ಲದಿದ್ದರೆ ಅಕ್ಕರೆಯೇ ಕೊಲ್ಲುವುದುಂಟು. ನಳಿಗೆ ಹಾಕಿದ ಅಜ್ಜಿಗೆ ಹಸಿವಾಗಿರಬೇಕೆಂದು, ಮಲಗಿಸಿದಂತೆಯೇ ಗಂಜಿ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆಯ ಕಡೆ ಎತ್ತರಿಸಬೇಕು, ನಳಿಗೆ ಹೊಟ್ಟೆಯಲ್ಲೇ ಇದೆಯೇ ಎಂದು ಪ್ರತಿ ಸಲ ಖಾತ್ರಿ ಮಾಡಿಕೊಳ್ಳಬೇಕು, ಉಣಿಸಿದ ಮೇಲೂ ಅರ್ಧ ಗಂಟೆ ಹಾಗೇ ಕೂರಿಸಬೇಕು. ಮೂತ್ರದ ಚೀಲ ಮಂಚದ ಮೇಲೆ ಇಡಬಾರದು, ಮೂತ್ರಕೋಶದ ಮಟ್ಟಕ್ಕಿಂತ ಕೆಳಗೆ ತೂಗಬೇಕು.

ಬೆನ್ನಹುಣ್ಣಿನ ವಿಚಾರ ನನ್ನ ವಿದ್ಯಾರ್ಥಿಗಳಿಗೆ ಬೇಸರ ಬರುವಷ್ಟು ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಎರಡು ತಾಸಿಗೊಮ್ಮೆ ಹೊರಳಿಸುವುದು ಎಲ್ಲರಿಗೂ ಗೊತ್ತು. ಹಿಮ್ಮಡಿ ನೋಡುವುದು ಯಾರಿಗೂ ನೆನಪಿರುವುದಿಲ್ಲ. ಸೊಂಟದ ಕೆಳಗೆ, ಹಿಮ್ಮಡಿಯ ಮೇಲೆ ಕೆಂಪು ಗುರುತು ಕಂಡರೆ ಬೆರಳಿನಿಂದ ಒತ್ತಿ ಬಿಡಬೇಕು. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಮಾಸದಿದ್ದರೆ ಹುಣ್ಣು ಒಳಗೆ ಶುರುವಾಗಿದೆ ಎಂದೇ ತಿಳಿಯಬೇಕು. ನಮ್ಮ ಕಪ್ಪು ಚರ್ಮದಲ್ಲಿ ಆ ಕೆಂಪೂ ಕಾಣುವುದಿಲ್ಲ. ಆಗ ಮುಟ್ಟಿ ನೋಡಬೇಕು, ಸುತ್ತಲಿನ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ ಎಂದು. ಪುಸ್ತಕಗಳ ಬಣ್ಣದ ಚಿತ್ರಗಳು ಬಹುಪಾಲು ಬಿಳಿಯರ ಮೈಯವು, ಹುಡುಗಿಯರು ಅದನ್ನೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಮನೆಯಲ್ಲಿ ಇನ್ನೊಂದು ಒತ್ತಡ ಇರುತ್ತದೆ. “ನಿತ್ರಾಣ ಆಗ್ಯಾರ, ಒಂದು ಸಲೈನ್ ಹಚ್ಚಿಬಿಡ್ರಿ” ಎಂದು ಮನೆಯವರು ಗಂಟುಬೀಳುತ್ತಾರೆ. ಹೃದಯ ಸೋತವರಿಗೆ, ಕಿಡ್ನಿ ಸೋತವರಿಗೆ ಆ ಒಂದು ಬಾಟಲಿ ಉಸಿರು ಕಟ್ಟಿಸಬಲ್ಲದು. ಡಾಕ್ಟರರು ಕಾಗದದ ಮೇಲೆ ಬರೆಯದೆ ಏನನ್ನೂ ಹಚ್ಚುವುದಿಲ್ಲ ಎಂದು ಸಂಬಳ ಕೊಡುವವರ ಎದುರಿಗೇ ಹೇಳಬೇಕಾಗುತ್ತದೆ. ಏಕೆ ಕೂಡದು ಎಂದು ವಿವರಿಸಲು ಬಂದರೆ ಮಾತ್ರ ಅವರು ಕೇಳುತ್ತಾರೆ, ಹೆದರಿ ಬೇಡ ಎಂದರೆ ಬೇರೆಯವರನ್ನು ಕರೆಸುತ್ತಾರೆ. ದಿನದ ಲೆಕ್ಕ ಒಂದು ನೋಟುಬುಕ್ಕಿನಲ್ಲಿ ಇರಲಿ: ಎಷ್ಟು ಕುಡಿದರು, ಎಷ್ಟು ಮೂತ್ರ ಹೋಯಿತು, ಸಕ್ಕರೆ ಎಷ್ಟಿತ್ತು, ಯಾವ ಹೊತ್ತಿಗೆ ಯಾವ ಗುಳಿಗೆ. ಏನಾದರೂ ಎಡವಟ್ಟಾದ ದಿನ ನಿಮ್ಮ ಪರ ಮಾತಾಡುವುದು ಆ ನೋಟುಬುಕ್ಕೇ.

ಪರರ ಮನೆಯಲ್ಲಿ ಹೆಣ್ಣುಮಗಳ ಸುರಕ್ಷತೆಯ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ, ಫೋನಿನಲ್ಲಿ ಎಲ್ಲರೂ ಕೇಳುತ್ತಾರೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸದ ಸ್ಥಳ ಎಂದರೆ ಮನೆಯೂ ಸೇರುತ್ತದೆ. ಹತ್ತು ಜನಕ್ಕಿಂತ ಕಡಿಮೆ ದುಡಿಯುವ ಕಡೆ, ಅಥವಾ ಕೆಲಸ ಕೊಟ್ಟವನ ಮೇಲೆಯೇ ದೂರು ಇದ್ದಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಕಾಯ್ದೆಗಿಂತ ಮೊದಲು ಮಾಡಬೇಕಾದದ್ದು, ಕೆಲಸದ ವೇಳೆ, ಮಲಗುವ ಜಾಗ, ವಾರದ ರಜೆ, ಮನೆಗೆಲಸ ಮಾಡುವಂತಿಲ್ಲ ಎಂಬ ಮಾತು, ಎಲ್ಲವನ್ನೂ ಬರೆಸಿಕೊಳ್ಳುವುದು. ಹಿಟ್ಟು ನಾದಲು ಒಮ್ಮೆ ಒಪ್ಪಿದರೆ ಮರುದಿನದಿಂದ ರೊಟ್ಟಿಯೂ ನಿಮ್ಮದೇ.

ಗಂಡುಹುಡುಗರೂ ಈ ಕಡೆ ನೋಡಲಿ. ಎಂಬತ್ತು ಕೆ.ಜಿ. ತೂಕದ ಗಂಡಸನ್ನು ಹೊರಳಿಸಲು, ಸ್ನಾನ ಮಾಡಿಸಲು ಎಷ್ಟೋ ಮನೆಯವರು ಹುಡುಗನೇ ಬೇಕೆನ್ನುತ್ತಾರೆ, ಸಿಗುವುದಿಲ್ಲ. ಇನ್ನು ಭಾಷೆ. ಸೇಡಂ, ಚಿಂಚೋಳಿಯ ಮಕ್ಕಳು ಕನ್ನಡ, ತೆಲುಗು, ದಖನಿ ಮೂರನ್ನೂ ಆಡುತ್ತ ಬೆಳೆಯುತ್ತಾರೆ, ತಾಂಡಾದವರಿಗೆ ಲಂಬಾಣಿಯೂ ಸೇರಿ ನಾಲ್ಕು. ಇದನ್ನು ನಾವು ಒಂದು ಅರ್ಹತೆಯಾಗಿ ಎಣಿಸುವುದೇ ಇಲ್ಲ. ಮರೆವಿನ ಕಾಯಿಲೆ ಬಂದ ಮುದುಕರು ನಡುವೆ ಕಲಿತ ಭಾಷೆ ಮರೆತು ಚಿಕ್ಕಂದಿನ ಮಾತಿಗೆ ಮರಳುವುದುಂಟು. ಹೈದರಾಬಾದಿನ ಮನೆಯೊಂದರಲ್ಲಿ ದಖನಿಯಲ್ಲೂ ತೆಲುಗಿನಲ್ಲೂ “ಎಲ್ಲಿ ನೋವಾಗ್ತದ?” ಎಂದು ಕೇಳಬಲ್ಲ ನರ್ಸಿಗೆ ಹೆಚ್ಚು ಸಂಬಳ ಕೇಳುವ ಹಕ್ಕಿದೆ. ಈ ಕೆಲಸಕ್ಕೆ ತಕ್ಕ ಹಣ ಕೊಡುವ ಮನೆಗಳು ಸದ್ಯಕ್ಕೆ ಇಲ್ಲಿಗಿಂತ ಕಲಬುರಗಿ, ಹೈದರಾಬಾದಿನಲ್ಲಿ ಹೆಚ್ಚು. ಇಲ್ಲಿ ಇನ್ನೂ ಆ ಹೊರೆ ಸೊಸೆಯ ಮೇಲೇ ಇದೆ, ಸಂಬಳವಿಲ್ಲದೆ.

ಕಾಲೇಜು ಆರಿಸುವಾಗ ಗೋಡೆಯ ಬಣ್ಣ ನೋಡಬೇಡಿ. “ಕ್ಲಾಸಿಗಿ ಬರೋದು ಬ್ಯಾಡ, ಪರೀಕ್ಷಾಕ್ಕ ಬಂದ್ರ ಸಾಕು” ಎಂದು ಹೇಳುವ ಏಜೆಂಟನನ್ನು ಅಂಗಳದಿಂದಲೇ ಕಳಿಸಿ. ಕಾಲೇಜಿಗೆ ಸೇರಿದ ಆಸ್ಪತ್ರೆ ಯಾವುದು ಎಂದು ಕೇಳಿ, ಬೆಳಗಿನ ಹನ್ನೊಂದು ಗಂಟೆಗೆ ಹೇಳದೆ ಕೇಳದೆ ಅಲ್ಲಿಗೆ ಹೋಗಿ. 100 ಹಾಸಿಗೆ ಎಂದು ಬರೆದಿರುವ ಕಡೆ ಎಷ್ಟು ಹಾಸಿಗೆಯಲ್ಲಿ ರೋಗಿ ಇದ್ದಾರೆ, ಅವರ ಪಕ್ಕದಲ್ಲಿ ವಿದ್ಯಾರ್ಥಿಗಳು ನಿಂತಿದ್ದಾರೆಯೇ, ನೋಡಿ. ಹಳೆಯ ವಿದ್ಯಾರ್ಥಿಯೊಬ್ಬಳ ನೋಂದಣಿ ಸಂಖ್ಯೆ ಕೇಳಿ, ಭಾರತೀಯ ಶುಶ್ರೂಷಾ ಪರಿಷತ್ತಿನ ನರ್ಸುಗಳ ದಾಖಲೆಯಲ್ಲಿ ಅದು ಸಿಗುತ್ತದೆಯೇ ಪರೀಕ್ಷಿಸಿ. ನೋಂದಣಿ ಇಲ್ಲದ ಪ್ರಮಾಣಪತ್ರ ಚೌಕಟ್ಟು ಹಾಕಿಸಲು ಮಾತ್ರ ಬರುತ್ತದೆ. 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಅಂಗೀಕಾರವಾಗಿದೆ, ಮುಂದೆ ನಿಯಮಗಳು ಬಿಗಿಯಾಗುತ್ತವೆಯೇ ಹೊರತು ಸಡಿಲಾಗುವುದಿಲ್ಲ.

ಓದು ಮುಗಿಸಿದವರು ನೇರ ಮನೆ ಶುಶ್ರೂಷೆಗೆ ಇಳಿಯಬೇಡಿ. ವರ್ಷವೋ ಎರಡು ವರ್ಷವೋ ವಾರ್ಡಿನಲ್ಲಿ ದುಡಿಯಿರಿ, ರಾತ್ರಿ ಪಾಳಿಯೂ ಸೇರಿ. ಇದನ್ನು ಕೇಳಿ ಫೋನು ಮಾಡುವ ತಂದೆತಾಯಿಗೆ ಬೇಸರವಾಗುತ್ತದೆ, ನನಗೆ ಗೊತ್ತು. ರಾತ್ರಿ ಮೂರು ಗಂಟೆಗೆ ಹಿರಿಯರ ಕಣ್ಣೆದುರು ಹತ್ತು ಸಲ ತೀರ್ಮಾನ ತೆಗೆದುಕೊಂಡವಳು ಮಾತ್ರ ಹಗಲಿನಲ್ಲಿ ಒಬ್ಬಳೇ ತೆಗೆದುಕೊಳ್ಳಬಲ್ಲಳು.

ಕೊನೆಗೆ ಕಾಗದಪತ್ರದ ಮಾತು, ಇಲ್ಲಿರುವ ಪಿ.ಯು. ಮಕ್ಕಳು ಬರೆದುಕೊಳ್ಳಲಿ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ನಮ್ಮ ಭಾಗದ ಕಾಲೇಜುಗಳಲ್ಲಿ 70 ಪ್ರತಿಶತ ಸೀಟು, ಉಳಿದ ಕಡೆ 8 ಪ್ರತಿಶತ ಸೀಟು ನಮಗೆ ಮೀಸಲು. ಇಲ್ಲಿನ ಸ್ಥಳೀಯ ಹುದ್ದೆಗಳಲ್ಲಿ ‘ಸಿ’ ವೃಂದಕ್ಕೆ 80 ಪ್ರತಿಶತ. ಅದರ ಅರ್ಹತಾ ಪ್ರಮಾಣಪತ್ರ ಕೊಡುವುದು ಸೇಡಂನ ಸಹಾಯಕ ಆಯುಕ್ತರ ಕಚೇರಿ. ಸೇಡಂ, ಚಿತ್ತಾಪುರ, ಚಿಂಚೋಳಿಯವರಿಗೆ ಒಂದೇ ಕಚೇರಿ. ಕೌನ್ಸೆಲಿಂಗ್ ದಿನಾಂಕ ಬಂದ ಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪರೀಕ್ಷೆಗೆ ಮೊದಲೇ, ಜನವರಿ ಫೆಬ್ರವರಿಯಲ್ಲಿ, ತಂದೆಯವರು ತೊಗರಿ ಮಾರಲು ಸೇಡಂ ಮಾರ್ಕೆಟ್ಟಿಗೆ ಬಂದ ದಿನವೇ ಅರ್ಜಿ ಕೊಟ್ಟು ಹೋಗಲಿ.